ಕಲ್ಲಿನಡಿಯ ಹುಳಗಳು ಹೇಳೋ ನದಿಯ ಕಥೆ

ನೀರು ಚೆನ್ನಾಗಿದೆಯಾ ಅಂತ ತಿಳಿಯೋಕೆ ಏನು ಮಾಡ್ತೀವಿ? ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸ್ತೀವಿ. ಆದ್ರೆ ಆ ವರದಿ ಹೇಳೋದು ಬಾಟಲಿ ತುಂಬಿದ ಹೊತ್ತಿನ ಕಥೆ ಮಾತ್ರ. ಹೋದ ತಿಂಗಳು ಆ ಹಳ್ಳದಲ್ಲಿ ಏನು ಹರಿಯಿತು? ಅದನ್ನು ನಾನು ಕೇಳೋದು ಕಲ್ಲಿನಡಿಯ ಹುಳಗಳನ್ನು.

ಕೊಡಗಿನ ಒಂದು ಹಳ್ಳ ಅಂದ್ಕೊಳ್ಳಿ. ಹರಿಯೋ ನೀರಲ್ಲಿ ಕಲ್ಲೆತ್ತಿ ತಳ ನೋಡಿ. ಹೊಟ್ಟೆಯ ಪಕ್ಕದಲ್ಲಿ ಕಿವಿರು, ಹಿಂದೆ ಸಾಮಾನ್ಯವಾಗಿ ಮೂರು ಎಳೆ ಬಾಲ ಇದ್ರೆ ಅದು ಮೇಫ್ಲೈ ಮರಿ. ಮರಳು, ಕಡ್ಡಿ ಚೂರುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಕಟ್ಟಿಕೊಂಡಿದ್ರೆ ಕ್ಯಾಡಿಸ್‌ಫ್ಲೈ. ಮೇಫ್ಲೈ ರೆಕ್ಕೆ ಬಂದ ಮೇಲೆ ಬದುಕೋದು ಕೆಲವು ಗಂಟೆ, ಹೆಚ್ಚೆಂದ್ರೆ ಕೆಲವು ದಿನ. ಅದಕ್ಕೂ ಮೊದಲಿನ ವಾರಗಳು, ತಿಂಗಳುಗಳು ಪೂರ್ತಿ ನೀರೊಳಗೇ. ಆಮ್ಲಜನಕ ಕಡಿಮೆಯಾದ್ರೆ ಮೊದಲು ಕಾಣೆಯಾಗೋದೂ ಇಂಥವೇ.

ಈಗ ಕಾಫಿ ಕೊಯ್ಲಿನ ಕಾಲಕ್ಕೆ ಬನ್ನಿ. ಹಣ್ಣಿನ ಸಿಪ್ಪೆ, ಲೋಳೆ ತೆಗೆಯೋ ಪಲ್ಪಿಂಗ್ ನೀರಲ್ಲಿ ಸಕ್ಕರೆ ಅಂಶ ಜಾಸ್ತಿ. ಸಂಸ್ಕರಿಸದೆ ಹಳ್ಳಕ್ಕೆ ಬಿಟ್ರೆ, ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಅದೂ ಮಳೆ ನಿಂತು ಹರಿವು ಇಳಿಯುವ ಹೊತ್ತಲ್ಲಿ. ಕೆಲವು ವಾರಗಳ ನಂತರ ನೀರು ಮತ್ತೆ ತಿಳಿಯಾಗುತ್ತೆ, ವರದಿಯೂ ಸರಿ ಬರಬಹುದು. ಕಲ್ಲೆತ್ತಿದ್ರೆ ಮೇಫ್ಲೈ ಇರಲ್ಲ. ಕೆಸರಲ್ಲಿ ಕೆಂಪು ಹುಳಗಳಷ್ಟೇ. ಅವು ಒಂದು ಜಾತಿ ನೊಣದ ಮರಿಗಳು. ಹಿಮೋಗ್ಲೋಬಿನ್ ಇರೋದ್ರಿಂದ ಉಸಿರುಗಟ್ಟೋ ನೀರಲ್ಲೂ ಬದುಕುತ್ತವೆ.

ಹಾಗಂತ ಒಂದೇ ಕಲ್ಲು ನೋಡಿ ಯಾರ ಮೇಲೂ ದೂರು ಹೇಳೋ ಹಾಗಿಲ್ಲ. ನೀರು ಬಂದು ಸೇರೋ ಜಾಗಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ, ಒಂದೇ ಥರದ ಬಲೆ, ಒಂದೇ ಅವಧಿ. ಎರಡೂ ಕಡೆ ಸಿಕ್ಕ ಹುಳಗಳನ್ನು ಎಣಿಸಿ ಹೋಲಿಸಬೇಕು. ಆಗ ಅದು ಸಾಕ್ಷಿ.

2021ರಲ್ಲಿ ಐಯುಸಿಎನ್ ಜಗತ್ತಿನ 6,016 ಜಾತಿಯ ಏರೋಪ್ಲೇನ್ ಚಿಟ್ಟೆಗಳು ಮತ್ತು ಅವುಗಳ ಹತ್ತಿರದ ಬಂಧುಗಳನ್ನು ಪರಿಶೀಲಿಸಿತು. ಶೇ 16ರಷ್ಟು ಅಳಿವಿನ ಅಂಚಿನತ್ತ ಸಾಗಿವೆ. ಅವುಗಳ ಮರಿಗಳೂ ಬೆಳೆಯೋದು ನೀರಲ್ಲೇ.

ಉಳಿಸೋದು ಹೇಗೆ? ಪಲ್ಪಿಂಗ್ ನೀರನ್ನು ತೊಟ್ಟಿಗಳಲ್ಲಿ ಸಂಸ್ಕರಿಸಬೇಕು. ಹಳ್ಳದ ಅಂಚಿನ ಮರ ಕಡಿಯಬಾರದು: ನೆರಳಿನ ತಣ್ಣನೆ ನೀರಲ್ಲಿ ಆಮ್ಲಜನಕ ಹೆಚ್ಚು, ಉದುರಿದ ಎಲೆಯೇ ಹುಳಗಳಿಗೆ ಊಟ. ಮರಳು, ಕಲ್ಲು ಎತ್ತಿದ್ರೆ ಅವುಗಳ ಮನೆಯೇ ಹೋಯ್ತು.

ಬೆಂಗಳೂರಲ್ಲಿ ಕೂತು ಕೇಳ್ತಿರೋರಿಗೂ ಒಂದು ಮಾತು. ಈ ಹಳ್ಳಗಳೇ ಸೇರಿ ಕಾವೇರಿಯಾಗಿ ನಿಮ್ಮ ನಲ್ಲಿಗೆ ಬರೋದು. ಮುಂದಿನ ಸಲ ಮಲೆನಾಡಿಗೆ ಹೋದಾಗ ಒಂದು ಕಲ್ಲೆತ್ತಿ, ಫೋಟೋ ತೆಗೀರಿ. ಆಮೇಲೆ ಕಲ್ಲನ್ನು ಇದ್ದ ಹಾಗೇ ಇಟ್ಟು ಬನ್ನಿ.