ಕಾಸಿಲ್ಲದ ಆಟಿಕೆ, ಒಲೆಯಿಲ್ಲದ ತಿಂಡಿ



ಈ ಸಂಜೆ ನಾನು ಮಾತನಾಡಬೇಕೆಂದಿರುವ ವಿಷಯವನ್ನು ಕೇಳಿ ನನ್ನ ಸ್ನೇಹಿತರಲ್ಲಿ ಕೆಲವರು ನಕ್ಕರು. ಕಾಲೇಜಿನಲ್ಲಿ ಪಾಠ ಹೇಳುವವನು ಷೇಕ್ಸ್‌ಪಿಯರನನ್ನೋ ಮಿಲ್ಟನನನ್ನೋ ಕುರಿತು ನಾಲ್ಕು ಮಾತು ಹೇಳುವುದನ್ನು ಬಿಟ್ಟು, ತೆಂಗಿನ ಗರಿ, ಹುಣಸೆಯ ಬೀಜ, ಹುರಿಗಡಲೆಗಳ ವಿಚಾರಕ್ಕೆ ಇಳಿದನಲ್ಲ ಎಂದು ಅವರ ಪರಿಹಾಸ. ಆ ಪರಿಹಾಸಕ್ಕೆ ನಾನು ಪಾತ್ರನೇ ಸರಿ. ಆದರೆ ಅವರು ಭಾವಿಸಿರುವ ಕಾರಣಕ್ಕಾಗಿ ಅಲ್ಲ. ನಿಜವಾದ ಕಾರಣವನ್ನು ಮೊದಲು ನಿಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ಒಂದು ದಿನ ಬೆಳಗ್ಗೆ ತರಗತಿಯಲ್ಲಿ ರೂಸೋ ಪಂಡಿತನ ‘ಎಮಿಲ್’ ಎಂಬ ಗ್ರಂಥವನ್ನು ಕುರಿತು ಒಂದು ಗಂಟೆಯ ಕಾಲ ಉಪನ್ಯಾಸ ಮಾಡಿ ಬಂದಿದ್ದೆ. 1762ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ರೂಸೋ ತನ್ನ ಕಲ್ಪನೆಯ ಬಾಲಕನಿಗೆ ಬಡಗಿಯ ಕಸಬನ್ನು ಕಲಿಸಬೇಕೆಂದು ಹೇಳುತ್ತಾನೆ. ಕೈಗೆ ಕೆಲಸವಿಲ್ಲದ ವಿದ್ಯೆ ಅರ್ಧ ವಿದ್ಯೆ ಎಂದು ನಾನೂ ಸಾಕಷ್ಟು ಆವೇಶದಿಂದಲೇ ಹೇಳಿದ್ದೆ. ಅದೇ ದಿನ ಸಂಜೆ, ತೆಂಗಿನಕಾಯಿ ಕೀಳಲು ಬಂದ ಆಳು ಹಿತ್ತಿಲಲ್ಲಿ ಕಡಿದು ಹಾಕಿದ್ದ ಹಸಿಯ ಗರಿಯೊಂದನ್ನು ಎಳೆದುಕೊಂಡು ಬಂದು, ಏಳು ವರ್ಷದ ನನ್ನ ಮಗಳು, “ಅಪ್ಪ, ಪೀಪಿ ಮಾಡಿಕೊಡು” ಎಂದಳು. ನಾನು ಎಲೆಯನ್ನು ಕೈಗೆ ತೆಗೆದುಕೊಂಡೆ. ಒಂದು ಸಲ ಸುತ್ತಿದೆ, ಬಿಚ್ಚಿಕೊಂಡಿತು. ಮತ್ತೊಮ್ಮೆ ಸುತ್ತಿದೆ, ಸೀಳಿಹೋಯಿತು. ಕೊನೆಗೆ, “ನಾಳೆ ಪೇಟೆಯಿಂದ ಒಳ್ಳೆಯ ಪೀಪಿ ತಂದುಕೊಡುತ್ತೇನೆ, ಹೋಗು” ಎಂದೆ.

ನಡುಮನೆಯ ಮೂಲೆಯಲ್ಲಿ ಕುಳಿತಿದ್ದ ನನ್ನ ತಾಯಿ, “ಇತ್ತ ಕೊಡೋ ಅದನ್ನ” ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಯಾರೆಂದು ಧ್ವನಿಯಿಂದ ತಿಳಿಯಬೇಕು. ಎಲೆಯನ್ನು ಬೆರಳಿನಿಂದ ಒಮ್ಮೆ ಸವರಿ, ಕಡ್ಡಿಯನ್ನು ಉಗುರಿನಿಂದ ಸೀಳಿ ತೆಗೆದು, ಅದೇನು ಮಾಡಿದರೋ, ನಾನು ನೋಡುನೋಡುತ್ತಿರುವಂತೆಯೇ ಪೀಪಿ ಸಿದ್ಧವಾಯಿತು. ಮಗು ಅದನ್ನು ಊದುತ್ತ ಬೀದಿಗೆ ಓಡಿತು. ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಆ ಮುದುಕಿಯನ್ನು ಯಾರೂ ಏನನ್ನೂ ಮಾಡಿಕೊಡೆಂದು ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹೊತ್ತಿಗೆ ಊಟ, ಹೊತ್ತಿಗೆ ಔಷಧಿ ಎಲ್ಲವನ್ನೂ ನಾವು ಅವರಿಗೆ ಕೊಡುತ್ತಿದ್ದೆವು. ಅವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಅಂದಿನಿಂದ ನಾನು ಅವರ ಶಿಷ್ಯನಾದೆ. ಹಾಗೆ ಕಲಿತದ್ದರಲ್ಲಿ ಆಟಕ್ಕೆ ಮೂರು, ಊಟಕ್ಕೆ ಮೂರು ವಸ್ತುಗಳನ್ನು ಮಾತ್ರ ಇಂದು ಹೇಳುತ್ತೇನೆ.

ಮೊದಲನೆಯದು ಆ ಪೀಪಿಯೇ. ಹಸಿಯ ತೆಂಗಿನ ಗರಿಯಿಂದ ಉದ್ದವಾದ ಒಂದು ಎಲೆಯನ್ನು ಕಿತ್ತು ನಡುವಿನ ಕಡ್ಡಿಯನ್ನು ತೆಗೆಯತಕ್ಕದ್ದು. ಉಳಿದ ಪಟ್ಟಿಯ ಒಂದು ತುದಿಯನ್ನು ಬೆಂಕಿಕಡ್ಡಿಯ ಗಾತ್ರಕ್ಕಿಂತ ಸ್ವಲ್ಪ ದಪ್ಪವಾದ ಕೊಳವೆಯಂತೆ ಬಿಗಿಯಾಗಿ ಸುತ್ತಬೇಕು. ಅನಂತರ ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಬರಬರುತ್ತ ಅಗಲವಾಗುವಂತೆ, ಓರೆಯಾಗಿ ಸುತ್ತುತ್ತ ಹೋಗಬೇಕು. ಕೊನೆಯಲ್ಲಿ ಬಿಚ್ಚಿಕೊಳ್ಳದಂತೆ ಅದೇ ಎಲೆಯ ಕಡ್ಡಿಯ ಚೂರೊಂದನ್ನು ಚುಚ್ಚಿದರಾಯಿತು. ಕಿರಿದಾದ ಬಾಯನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ ಊದಬೇಕು. ಚಪ್ಪಟೆಯಾದ ಆ ಎರಡು ತುಟಿಗಳು ಅದುರಿ ನಾದ ಹುಟ್ಟುತ್ತದೆ. ಮದುವೆಯ ಮನೆಯ ಓಲಗದ ನಾಲಗೆಯಲ್ಲಿ ನಡೆಯುವುದೂ ಇದೇ. ನಾನು ಕೆಡಿಸಿದ ಎರಡು ಪೀಪಿಗಳ ದೋಷ ಮೊದಲ ಸುತ್ತಿನಲ್ಲಿಯೇ ಇದ್ದಿತು. ಅದು ಸಡಿಲವಾದರೆ ಮುಂದಿನ ಜಾಣತನವೆಲ್ಲ ವ್ಯರ್ಥ.

ಎರಡನೆಯದು ಹುಣಸೆಯ ಬೀಜ. ಹುಳಿ ಹಿಂಡಿದ ಮೇಲೆ ನಾವು ಎಸೆಯುವ ಬೀಜಗಳಲ್ಲಿ ನಾಲ್ಕನ್ನು ತೊಳೆದು ಒಣಗಿಸಿ, ಒಂದೊಂದರ ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ ಬಿಳುಪು ಕಾಣುವವರೆಗೂ ಉಜ್ಜಿದರೆ ಚೌಕಾಬಾರಕ್ಕೆ ದಾಳ ಸಿದ್ಧ. ಸೀಮೆಸುಣ್ಣದಿಂದ ನೆಲದ ಮೇಲೆ ಐದೈದು ಸಾಲಿನ 25 ಮನೆಗಳನ್ನು ಬರೆದರೆ ಮಣೆಯೂ ಸಿದ್ಧ. ಎಷ್ಟು ಬೀಜ ಬೆಳ್ಳಗೆ ಬಿದ್ದರೆ ಅಷ್ಟು ಮನೆ ನಡೆ. ನಾಲ್ಕೂ ಬೆಳ್ಳಗಾದರೆ ಚೌಕ, ಅಂದರೆ 4. ನಾಲ್ಕೂ ಮಗುಚಿ ಬಿದ್ದರೆ ಭಾರ, ಅಂದರೆ 8.

ಈ ಬೀಜಗಳಲ್ಲಿ ಎರಡು ಪಾಠಗಳು ಅಡಗಿವೆ. ಉಜ್ಜಿದ ಬೀಜ ಬಿಸಿಯಾಗುತ್ತದೆ. ಅದನ್ನು ಪಕ್ಕದವನ ತೋಳಿಗೆ ತಾಗಿಸಿ ಅವನು ಚೀರುವುದನ್ನು ನೋಡಿ ನಗುವ ತುಂಟತನವನ್ನು ನಮ್ಮಲ್ಲಿ ಮಾಡದೆ ಬೆಳೆದವರು ವಿರಳ. ಘರ್ಷಣೆಯಿಂದ ಶಾಖ ಹುಟ್ಟುವುದನ್ನು ಫಿರಂಗಿ ಕೊರೆಯುವ ಕೆಲಸದಲ್ಲಿ ಗಮನಿಸಿ ಕೌಂಟ್ ರಮ್‌ಫರ್ಡನು 1798ರಲ್ಲಿ ಪ್ರಬಂಧ ಬರೆದನು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಆಲೆಮರದ ಬೊಂಬೆಗೆ ಬಣ್ಣದ ಅರಗನ್ನು ಒತ್ತಿ ಹಿಡಿದಾಗ ಅರಗು ಕರಗಿ ಹತ್ತುವುದೂ ಈ ಶಾಖದಿಂದಲೇ. ಇನ್ನೊಂದು ಪಾಠ ಗಣಿತದ್ದು. ನಾಲ್ಕು ಬೀಜಗಳು ಬೀಳಬಹುದಾದ ರೀತಿಗಳು ಒಟ್ಟು 16. ಎರಡು ಬೆಳ್ಳಗೆ ಬೀಳುವ ರೀತಿಗಳು 6, ಒಂದು ಬೀಳುವುವು 4, ಮೂರು ಬೀಳುವುವು 4. ಚೌಕಕ್ಕೆ ಒಂದೇ, ಭಾರಕ್ಕೂ ಒಂದೇ. ಎರಡು ಮಗ್ಗುಲೂ ಸಮವಾಗಿ ಬೀಳುವ ಬೀಜಗಳಾದರೆ ಲೆಕ್ಕ ಹೀಗೆ. ಕೈಯಿಂದ ಉಜ್ಜಿದ ಬೀಜ ಅಷ್ಟು ನ್ಯಾಯವಂತವಾಗಿರುವುದಿಲ್ಲ. ನೂರು ಸಲ ಎಸೆದು ಗೆರೆ ಹಾಕಿ ಎಣಿಸಿರೆಂದು ಮಕ್ಕಳಿಗೆ ಹೇಳಿದರೆ, ಯಾವ ಬೀಜ ಮೋಸಗಾರ ಎಂಬುದನ್ನು ಅವರೇ ಹಿಡಿಯುತ್ತಾರೆ.

ಮೂರನೆಯದು ಕಾಗದದ ಬಟ್ಟಲು. ಹಳೆಯ ವೃತ್ತಪತ್ರಿಕೆಯನ್ನು ಚೂರುಚೂರಾಗಿ ಹರಿದು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಹಿಂಡಿ, ನೆನೆಹಾಕಿದ ಒಂದು ಹಿಡಿ ಮೆಂತ್ಯದೊಡನೆ ಒರಳಿನಲ್ಲಿ ಕುಟ್ಟಿ ರುಬ್ಬಬೇಕು. ಮೆಂತ್ಯದ ಲೋಳೆಯೇ ಅಂಟು. ನಮ್ಮ ಅಜ್ಜಿಯರು ಮೊರದ ಸಂದುಗಳನ್ನು ಮುಚ್ಚಲು ಬಳಿಯುತ್ತಿದ್ದುದು ಇದನ್ನೇ. ಬಟ್ಟಲೊಂದನ್ನು ಬೋರಲು ಹಾಕಿ, ಹೊರಮೈಗೆ ಎಣ್ಣೆ ಸವರಿ, ಅದರ ಮೇಲೆ ಈ ಮುದ್ದೆಯನ್ನು ಅರ್ಧ ಬೆರಳಿನಷ್ಟು ದಪ್ಪ ಮೆತ್ತಿ, ಎರಡು ಮೂರು ದಿನ ಬಿಸಿಲಿಗಿಟ್ಟರೆ ಬಟ್ಟಲು ತಾನಾಗಿಯೇ ಕಳಚಿ ಬರುತ್ತದೆ. ಬಣ್ಣ ಬಳಿಯುವುದು ಮಕ್ಕಳ ಪಾಲಿಗೆ ಬಿಟ್ಟದ್ದು. ಗೋಲಿ, ಗುಂಡಿ, ಸೂಜಿದಾರಗಳನ್ನು ಅದರಲ್ಲಿ ಇಡಬಹುದು. ತಿನ್ನುವ ಪದಾರ್ಥವನ್ನು ಮಾತ್ರ ಇಡಕೂಡದು. ಅಚ್ಚಿನ ಮಸಿ ಹೊಟ್ಟೆಗೆ ಸೇರತಕ್ಕ ವಸ್ತುವಲ್ಲ.

ಆಟವಾದ ಮೇಲೆ ಹಸಿವು. ಒಲೆಯ ಬಳಿ ಹೋಗದೆ ಮಕ್ಕಳು ತಾವೇ ಮಾಡಬಹುದಾದ ತಿಂಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಕೋಸಂಬರಿಗೆ ಅಗ್ರಸ್ಥಾನ. ಅರ್ಧ ಬಟ್ಟಲು ಹೆಸರುಬೇಳೆಯನ್ನು ತೊಳೆದು ಒಂದು ಗಂಟೆ ನೆನೆಸಿ ಬಸಿಯುವುದು. ಎಳೆಯ ಸೌತೆಕಾಯಿ ಒಂದು, ಹಸಿಯ ತೆಂಗಿನ ತುರಿ ಒಂದು ಹಿಡಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಯ ಹಣ್ಣು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕತಕ್ಕದ್ದು. ಮೊದಲೇ ಹಾಕಿದರೆ ಅದು ಸೌತೆಕಾಯಿಯ ನೀರನ್ನೆಲ್ಲ ಹೊರಕ್ಕೆಳೆದು ಕೋಸಂಬರಿಯನ್ನು ಸಾರು ಮಾಡಿಬಿಡುತ್ತದೆ. ಎರಡು ಬಟ್ಟಲುಗಳಲ್ಲಿ, ಒಂದಕ್ಕೆ ಮೊದಲು, ಒಂದಕ್ಕೆ ಕೊನೆಗೆ ಉಪ್ಪು ಹಾಕಿ ಮಕ್ಕಳಿಗೆ ತೋರಿಸಿ, ಮತ್ತೆಂದೂ ಮರೆಯುವುದಿಲ್ಲ.

ಎರಡನೆಯದು ಹುರಿಗಡಲೆಯ ತಂಬಿಟ್ಟು. ಹುರಿಗಡಲೆಯ ಹಿಟ್ಟು ಒಂದು ಬಟ್ಟಲು, ತುರಿದ ಬೆಲ್ಲ ಅರ್ಧ ಬಟ್ಟಲಿಗೆ ಸ್ವಲ್ಪ ಹೆಚ್ಚು, ಕೊಬ್ಬರಿಯ ತುರಿ ಕಾಲು ಬಟ್ಟಲು, ಹುರಿದ ಎಳ್ಳು ಎರಡು ಚಮಚ, ಒಂದು ಏಲಕ್ಕಿ. ಇದಕ್ಕೆ ಬೆಚ್ಚಗಿನ ತುಪ್ಪ ಎರಡು ಮೂರು ಚಮಚ ಬೆರಸಿ ಚೆನ್ನಾಗಿ ಹಿಸುಕಿ ಉಂಡೆ ಕಟ್ಟುವುದು. ಉಂಡೆ ನಿಲ್ಲದಿದ್ದರೆ ಒಂದೆರಡು ಚಮಚ ಕಾಯಿಸಿದ ಹಾಲು ಚಿಮುಕಿಸಬಹುದು. ಆದರೆ ಹಾಲು ಸೇರಿದ್ದನ್ನು ಅಂದೇ ತಿಂದು ಮುಗಿಸಬೇಕು. ಮಕ್ಕಳಿಗೆ ಈ ಆಜ್ಞೆಯನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಮೂರನೆಯದು ರಾಗಿಯ ಹುರಿಹಿಟ್ಟು. ಅರಳು ಹುರಿದು ಬೀಸಿದ ಹಿಟ್ಟು ಅಂಗಡಿಯಲ್ಲಿ ದೊರೆಯುತ್ತದೆ. ಹಾಲು ಬೆಲ್ಲದೊಡನೆ ಕಲಸಿದರೆ ಸಿಹಿ. ಮಜ್ಜಿಗೆ ಉಪ್ಪಿನೊಡನೆ ಕಲಸಿದರೆ ಖಾರದ ಉಪ್ಪಿನಕಾಯಿಗೆ ಜೊತೆ. ನಗರವಾಸಿಗಳಲ್ಲಿ ಕೆಲವರಿಗೆ ರಾಗಿಯೆಂದರೆ ಇಂದಿಗೂ ಅಷ್ಟಕ್ಕಷ್ಟೆ. ಅವರು ಒಂದು ಅಂಕಿಯನ್ನು ಗಮನಿಸಬೇಕು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮಗುವಿನ ಮೂಳೆಗೂ ಹಲ್ಲಿಗೂ ಯಾವುದು ಹಿತವೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎಚ್ಚರಿಕೆಯ ಎರಡು ಮಾತು. ಮೂರು ವರ್ಷ ತುಂಬದ ಮಗುವಿನ ಕೈಗೆ ಹುಣಸೆಯ ಬೀಜವನ್ನಾಗಲಿ ಇಡಿಯ ಕಡಲೆಯನ್ನಾಗಲಿ ಕೊಡಬೇಡಿ. ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಈಳಿಗೆಮಣೆಯ ಬಳಿ ಹಿರಿಯರೊಬ್ಬರು ಕುಳಿತಿರಲೇಬೇಕು.

“ಇದೆಲ್ಲ ಬಡತನಕ್ಕೆ ಹೇಳಿಕೊಳ್ಳುವ ಸಮಾಧಾನ” ಎಂದು ಯಾರಾದರೂ ಆಕ್ಷೇಪಿಸಬಹುದು. ಹಣವುಳ್ಳವರು ಬೊಂಬೆ ಕೊಳ್ಳಬೇಡಿರೆಂದು ನಾನು ಹೇಳುವುದಿಲ್ಲ. ಧಾರಾಳವಾಗಿ ಕೊಳ್ಳಿ, ಚನ್ನಪಟ್ಟಣದ್ದನ್ನೇ ಕೊಂಡರೆ ಇನ್ನೂ ಸಂತೋಷ. ಒಂದು ಬೀಜವನ್ನು ಸಮನಾಗಿ ಉಜ್ಜಲು ಎಷ್ಟು ಶ್ರಮವೆಂದು ತಿಳಿದ ಹುಡುಗ ಆ ಬೊಂಬೆಯ ನುಣುಪನ್ನು ಬೇರೆಯ ಕಣ್ಣಿನಿಂದ ನೋಡುತ್ತಾನೆ. ಜರ್ಮನಿಯ ಫ್ರೋಬೆಲನು 1837ರಲ್ಲಿ ಬ್ಲಾಂಕೆನ್‌ಬುರ್ಗಿನಲ್ಲಿ ಎಳೆಯರಿಗಾಗಿ ಶಾಲೆ ತೆರೆದಾಗ ಅವರ ಕೈಗೆ ಕೊಟ್ಟದ್ದು ಚೆಂಡು, ಮರದ ತುಂಡುಗಳಂಥ ಸರಳ ವಸ್ತುಗಳನ್ನು. ಸರಿಯಾಗಿ ನೂರು ವರ್ಷಗಳ ಮೇಲೆ, 1937ರಲ್ಲಿ, ವಾರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿಯವರು ಕೈಕಸಬನ್ನೇ ವಿದ್ಯೆಯ ನಡುಗಂಬವಾಗಿ ನಿಲ್ಲಿಸಬೇಕೆಂದರು. ಇವರಿಬ್ಬರಿಗೂ ಇದು ಬಡವರಿಗೆ ಹೇಳಿದ ಸಮಾಧಾನವಾಗಿರಲಿಲ್ಲ.

ಹೆಚ್ಚು ತೂಕದ ಆಕ್ಷೇಪಣೆ ಇನ್ನೊಂದಿದೆ: “ನಮಗೆ ಹೊತ್ತೆಲ್ಲಿದೆ?” ಇದಕ್ಕೆ ನಾನು ಸುಲಭವಾದ ಉತ್ತರ ಕೊಡಲಾರೆ. ಈ ಆಟಿಕೆಗಳಿಗೆ ಕಾಸು ಬೇಡವೆಂದು ಶೀರ್ಷಿಕೆಯಲ್ಲಿ ಹೇಳಿದ್ದೇನೆ. ಆದರೆ ಬೆಲೆಯಿಲ್ಲವೆಂದು ಹೇಳಿಲ್ಲ. ಅವುಗಳ ಬೆಲೆ ಅರ್ಧ ಗಂಟೆಯ ಕಾಲ ನೆಲದ ಮೇಲೆ ಮಗುವಿನ ಪಕ್ಕದಲ್ಲಿ ಕುಳಿತಿರುವುದು. “ಪೇಟೆಯಿಂದ ತಂದುಕೊಡುತ್ತೇನೆ” ಎಂದು ಅಂದು ನಾನು ಹೇಳಿದ್ದು ಔದಾರ್ಯದಿಂದಲ್ಲ. ಆ ಬೆಲೆಯನ್ನು ತಪ್ಪಿಸಿಕೊಳ್ಳುವುದಕ್ಕಾಗಿ. ಗಂಡಸರಾದ ನಾವು ಅಡುಗೆಯ ಮನೆಯ ಹೊಸ್ತಿಲಿಂದಾಚೆ ನಿಂತು ಇದೇ ಉಪಾಯವನ್ನು ಬಹುಕಾಲ ಮಾಡಿದ್ದೇವೆ. ಸೌತೆಕಾಯಿ ಹೆಚ್ಚಲು ಪದವಿಯೇನೂ ಅಡ್ಡಿಯಲ್ಲವೆಂದು ನಾನು ಅನುಭವದಿಂದ ಬಲ್ಲೆ.

ಪುಸ್ತಕದಲ್ಲಿರುವ ವಿದ್ಯೆಯನ್ನು ಇಂದು ಓದದಿದ್ದರೆ ಮುಂದಿನವರು ಓದಿಕೊಂಡಾರು. ಪೀಪಿಯ ಮೊದಲ ಸುತ್ತು ಎಷ್ಟು ಬಿಗಿಯಾಗಿರಬೇಕೆಂಬುದು ಯಾವ ಪುಸ್ತಕದಿಂದಲೂ ತಿಳಿಯುವುದಿಲ್ಲ. ನಾನು ಈಗ ಇಷ್ಟು ಮಾತು ಆಡಿದರೂ ನಿಮಗೆ ಅದು ತಿಳಿದಿರಲಾರದು. ನನ್ನ ತಾಯಿ ನನ್ನ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ಒತ್ತಿದ ಮೇಲೆಯೇ ನನಗೂ ತಿಳಿದದ್ದು. ಈ ಬಗೆಯ ವಿದ್ಯೆ ಕೈಯಿಂದ ಕೈಗೆ ಹೋಗುತ್ತದೆ. ನಡುವಿನ ಒಂದು ಕೈ ಹಿಂಜರಿದರೆ ಅಲ್ಲಿಗೆ ಮುಗಿಯುತ್ತದೆ. ನಮ್ಮ ಮನೆಯಲ್ಲಿ ಹಿಂಜರಿದಿದ್ದ ಕೈ ನನ್ನದು.

ಈಗ ನನ್ನ ಪೀಪಿಯಲ್ಲಿ ನಾದವೇನೋ ಬರುತ್ತದೆ, ಆದರೆ ಸ್ವಲ್ಪ ಗಾಳಿಯೂ ಸೋರುತ್ತದೆ. ಮಗಳದು ಸೋರುವುದಿಲ್ಲ. ಅವಳು ಶಾಲೆಯಿಂದ ಬಂದ ಕೂಡಲೇ ನಡುಮನೆಯ ಮೂಲೆಗೆ ಹೋಗಿ, “ಅಜ್ಜಿ, ಇವತ್ತೇನು?” ಎಂದು ಕೇಳುತ್ತಾಳೆ. ನಿಮ್ಮ ಮನೆಯಲ್ಲಿಯೂ ಹಿರಿಯರೊಬ್ಬರು ಇರಬಹುದು. ನಾಳೆಯವರೆಗೆ ಕಾಯದೆ, ಈ ರಾತ್ರಿ ಊಟಕ್ಕೆ ಕುಳಿತಾಗಲೇ, ಚಿಕ್ಕಂದಿನಲ್ಲಿ ಏನು ಮಾಡಿಕೊಂಡು ಆಡುತ್ತಿದ್ದಿರಿ ಎಂದು ಅವರನ್ನು ಒಮ್ಮೆ ಕೇಳಿ.