ದೋಣಿ ಹತ್ತುವ ಮೊದಲು ಪಾನ್‌ಶೇತ್‌ನ ಸುದ್ದಿ ಕೇಳಿ

ಮಳೆಗಾಲದಲ್ಲಿ ಪುಣೆಯ ಸದಾಶಿವ ಪೇಠದ ಮನೆಗಳಲ್ಲಿ ಬೆಳಗಿನ ಚಹಾದ ಜೊತೆಗೇ ಒಂದು ಪ್ರಶ್ನೆ ಏಳುತ್ತದೆ: ಭಿಡೆ ಪೂಲ್ ಮುಳುಗಿತೋ ಇಲ್ಲವೋ? ಪೇಠಗಳಿಂದ ಡೆಕ್ಕನ್ ಜಿಮಖಾನಾ ಕಡೆಗೆ ಮುಠಾ ನದಿ ದಾಟಿಸುವ ಈ ಬಾಬಾ ಭಿಡೆ ಸೇತುವೆ ತೀರ ತಗ್ಗಿನದು. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಹೆಚ್ಚು ಬಿಟ್ಟ ಕೂಡಲೇ ಇದು ಕಣ್ಮರೆಯಾಗುತ್ತದೆ. ಮುಳುಗಿತು ಎಂದು ಗೊತ್ತಾದರೆ ಕೆಲವರು ಕೊಡೆ ಹಿಡಿದು ನದಿ ನೋಡಲು ದಂಡೆಗೆ ಹೋಗುತ್ತಾರೆ. ಭಾನುವಾರವಾದರೆ ಇನ್ನು ಕೆಲವರು ಮಕ್ಕಳನ್ನು ಕಟ್ಟಿಕೊಂಡು ಸಿಂಹಗಡ ರಸ್ತೆ ಹಿಡಿಯುತ್ತಾರೆ. ಖಡಕ್‌ವಾಸಲಾ ಕೆರೆ ತುಂಬಿದೆಯಂತೆ, ದೋಣಿಯಲ್ಲಿ ಒಂದು ಸುತ್ತು ಹಾಕಿಬರೋಣ ಎಂಬ ಹುರುಪು.

ಹತ್ತುವುದೋ ಬೇಡವೋ ಎಂಬ ತೀರ್ಮಾನ ಆಗುವುದು ಸಾಮಾನ್ಯವಾಗಿ ನೀರಿನ ಅಂಚಿನಲ್ಲಿ ನಿಂತಾಗ. ಎಡವಟ್ಟಾಗುವುದೂ ಅಲ್ಲೇ. ಅಷ್ಟು ದೂರ ಬಂದಾಗಿದೆ, ಟ್ರಾಫಿಕ್ಕಿನಲ್ಲಿ ಬೆವರಿದ್ದಾಗಿದೆ, ಮಕ್ಕಳು ಕುಣಿಯುತ್ತಿವೆ. ದೋಣಿಯವನಿಗೆ ಅಂದಿನ ಸಂಪಾದನೆ ಬೇಕು. ಮಳೆಯೂ ಹೊಳವಾಗಿದೆ. ಇಂಥ ಹೊತ್ತಿನಲ್ಲಿ ಬೇಡ ಎನ್ನುವ ಬಾಯಿ ಯಾರದು?

ಆದರೆ ಖಡಕ್‌ವಾಸಲಾದ ನೀರನ್ನು ಖಡಕ್‌ವಾಸಲಾದ ಆಕಾಶ ನೋಡಿ ಅಳೆಯಲಾಗದು. ಅದರ ಮೇಲ್ಗಡೆ ಮೂರು ಅಣೆಕಟ್ಟುಗಳಿವೆ: ಆಂಬಿ ನದಿಗೆ ಪಾನ್‌ಶೇತ್, ಮೋಸೆ ನದಿಗೆ ವರಸಗಾಂವ್, ಮುಠಾ ನದಿಗೆ ಟೇಮಘರ್. ಪಾನ್‌ಶೇತ್ ಹತ್ತು ಟಿಎಂಸಿಗೂ ಹೆಚ್ಚು, ವರಸಗಾಂವ್ ಹನ್ನೆರಡಕ್ಕೂ ಹೆಚ್ಚು ನೀರು ಹಿಡಿಯುತ್ತವೆ. ಎಲ್ಲಕ್ಕಿಂತ ಕೆಳಗಿರುವ ಖಡಕ್‌ವಾಸಲಾಕ್ಕೆ ಹಿಡಿಸುವುದು ಸುಮಾರು ಎರಡು ಟಿಎಂಸಿ ಮಾತ್ರ. ಮೂರು ಹಂಡೆಗಳ ಕೆಳಗೆ ಒಂದು ಚೊಂಬು ಇಟ್ಟ ಹಾಗೆ. ಘಟ್ಟದ ಅಂಚಿನಲ್ಲಿ ರಾತ್ರಿ ಸುರಿದ ಮಳೆಯ ಲೆಕ್ಕ ಬೆಳಗ್ಗೆ ಇಲ್ಲಿ ಚುಕ್ತಾ ಆಗಬೇಕು. ಬಿಸಿಲು ಬಿದ್ದಿದ್ದರೂ ಗೇಟು ಎತ್ತಲೇಬೇಕಾಗುತ್ತದೆ.

2024ರ ಜುಲೈ 25ರಂದು ಎತ್ತಿದ್ದರು. ಆ ದಿನ ಹೊರಬಿಟ್ಟದ್ದು 35,000 ಕ್ಯೂಸೆಕ್‌ಗೂ ಹೆಚ್ಚು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಜನರನ್ನು ಮನೆಗಳಿಂದ ಇಳಿಸಿಕೊಳ್ಳಲು ದೋಣಿಗಳೇ ಬರಬೇಕಾಯಿತು.

ಪೇಠದ ಹಿರಿಯರಿಗೆ ಇದೆಲ್ಲ ಇನ್ನೂ ಹಳೆಯ ಪಾಠ. 1961ರ ಜುಲೈ 12ರ ಬೆಳಗ್ಗೆ, ಇನ್ನೂ ಕಟ್ಟಿ ಮುಗಿಯದ ಪಾನ್‌ಶೇತ್‌ನ ಮಣ್ಣಿನ ಒಡ್ಡು ಒಡೆಯಿತು. ಹಿಂದಿನ ರಾತ್ರಿ ಸೈನಿಕರು ಮರಳಿನ ಚೀಲ ಪೇರಿಸಿ ಅದನ್ನು ಹಿಡಿದು ನಿಲ್ಲಿಸಲು ಹೆಣಗಿದ್ದರು. ಆ ನೀರು ಬಂದು ಬಡಿದಾಗ ಖಡಕ್‌ವಾಸಲಾದ ಕಲ್ಲುಕಟ್ಟೆಯೂ ನಿಲ್ಲಲಿಲ್ಲ. ನಾರಾಯಣ, ಶನಿವಾರ, ಸದಾಶಿವ ಪೇಠಗಳ ತಗ್ಗಿನ ಓಣಿಗಳಲ್ಲಿ ವಾಡೆಗಳು ಕುಸಿದವು. ಅಂದಿನಿಂದ ಇಲ್ಲಿಯವರಿಗೆ ಪಾನ್‌ಶೇತ್ ಎಂದರೆ ಪಿಕ್ನಿಕ್ಕಿನ ಹೆಸರಷ್ಟೇ ಅಲ್ಲ.

ತುಂಬಿದ ಕೆರೆಯನ್ನು ಹತ್ತಿರದಿಂದ ನೋಡಿದರೆ ಅದರ ಕಪಟ ಗೊತ್ತಾಗುತ್ತದೆ. ಗೇಟು ತೆರೆದಾಗ ಕಟ್ಟೆಯ ಬಳಿಯ ನೀರು ಕುದಿಯುವುದಿಲ್ಲ, ಮೊರೆಯುವುದೂ ಇಲ್ಲ. ನುಣ್ಣಗೆ, ಎಣ್ಣೆ ಸವರಿದಂತೆ ಕಾಣುತ್ತ ಒಂದೇ ಕಡೆಗೆ ಜಾರುತ್ತಿರುತ್ತದೆ. ಸೆಳವಿನ ವೇಗ ಇಮ್ಮಡಿಯಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೇಸಿಗೆಯಲ್ಲಿ ದಂಡೆಯಲ್ಲಿದ್ದ ಜಾಲಿಮರ, ತಂತಿಬೇಲಿ, ಹೊಲದ ಕಲ್ಲುಗೋಡೆ ಎಲ್ಲವೂ ಈಗ ಮೊಳದಷ್ಟು ಕೆಳಗೆ ಅಡಗಿ ಕೂತಿರುತ್ತವೆ. ನೀರು ಕೆಮ್ಮಣ್ಣಿನ ಬಣ್ಣದ್ದು, ಏನೂ ಕಾಣದು. ಮೋಟಾರಿನ ರೆಕ್ಕೆಗೆ ಒಂದು ತಂತಿ ಸುತ್ತಿಕೊಂಡರೆ ಸಾಕು, ದೋಣಿ ಸೆಳವಿನ ಪಾಲು.

ಗಾಳಿಯನ್ನೂ ಮರೆಯಬಾರದು. 2024ರ ಮೇ 21ರ ಸಂಜೆ, ಪುಣೆ ಮತ್ತು ಸೊಲ್ಲಾಪುರ ಜಿಲ್ಲೆಗಳ ನಡುವಿನ ಉಜನಿ ಹಿನ್ನೀರಿನಲ್ಲಿ ಕುಗಾಂವ್‌ನಿಂದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಸತ್ತರು. ಅದು ಪ್ರವಾಸಿ ದೋಣಿಯಲ್ಲ, ನಿತ್ಯ ಓಡಾಟದ್ದು. ಪ್ರವಾಹದ ಕಾಲವೂ ಅಲ್ಲ.

ಮುಠಾದ ನೀರು ಭೀಮಾ ಸೇರಿ ಇದೇ ಉಜನಿಗೆ ಬರುತ್ತದೆ, ಮುಂದೆ ಕನ್ನಡನಾಡಿಗೆ ಇಳಿಯುತ್ತದೆ. ಇಂಡಿ, ಅಫಜಲಪುರದ ನದಿದಂಡೆಯ ರೈತರು ಪಂಪ್‌ಸೆಟ್ ಎತ್ತಿ ಮೇಲೆ ಸಾಗಿಸುವುದು ತಮ್ಮೂರಿನ ಮೋಡ ನೋಡಿ ಅಲ್ಲ, ಉಜನಿಯಿಂದ ಎಷ್ಟು ಬಿಟ್ಟರು ಎಂಬ ಸುದ್ದಿ ಕೇಳಿ. ಹೊಟ್ಟೆಪಾಡಿನವರಿಗೆ ಇರುವ ಈ ಎಚ್ಚರ ವಿಹಾರಕ್ಕೆ ಹೊರಟವರಿಗೆ ಯಾಕಿಲ್ಲ ಎಂದು ಕೇಳಬೇಕಾಗಿದೆ.

ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ದೋಣಿ ಹತ್ತುವ ತೀರ್ಮಾನವನ್ನು ಪ್ರವಾಸಿಗರ ಉತ್ಸಾಹಕ್ಕೆ ಬಿಟ್ಟಿಲ್ಲ. ಕೃಷ್ಣರಾಜಸಾಗರದಿಂದ ಹೊರಹರಿವು ಹೆಚ್ಚಿತೆಂದರೆ ಅರಣ್ಯ ಇಲಾಖೆ ದೋಣಿ ವಿಹಾರ ನಿಲ್ಲಿಸುತ್ತದೆ. 2024ರ ಜುಲೈನಲ್ಲೂ ನಿಂತಿತ್ತು. ತಿಟ್ಟಿನ ಮೇಲೆ ಬಿಸಿಲು ಹೊಳೆಯುತ್ತಿರಬಹುದು. ಮಳೆ ಬಿದ್ದದ್ದು ಕೊಡಗಿನಲ್ಲಿ. ಟಿಕೆಟ್ ಕಿಂಡಿ ಮುಚ್ಚಿದ್ದು ಕಂಡು ಗೊಣಗುವವರು ಇದ್ದೇ ಇರುತ್ತಾರೆ, ಗೊಣಗಲಿ.

ಸದಾಶಿವ ಪೇಠಕ್ಕೆ ಕೂಗಳತೆಯಲ್ಲೇ ಒಂದು ಕಾಲದಲ್ಲಿ ದೋಣಿ ವಿಹಾರವಿತ್ತು. ನಾನಾಸಾಹೇಬ ಪೇಶ್ವೆ ಪರ್ವತಿ ಗುಡ್ಡದ ಬುಡದಲ್ಲಿ ಕಟ್ಟಿಸಿದ ಕೆರೆ ಅದು. ನಡುವೆ ಈಗ ತಳ್ಯಾತಲಾ ಗಣಪತಿ ಎನ್ನುವ ಗುಡಿಯ ನಡುಗಡ್ಡೆ. ಪೇಶ್ವೆಗಳು ದೋಣಿಯಲ್ಲಿ ಕೂತು ರಾಜಕಾರಣದ ಗುಟ್ಟು ಮಾತಾಡುತ್ತಿದ್ದರಂತೆ, ಹುಟ್ಟು ಹಾಕುವವರಾಗಿ ಮರಾಠಿ ಬಾರದ ಹಬಶಿಗಳನ್ನು ಇಟ್ಟುಕೊಂಡಿದ್ದರಂತೆ. ಕೆರೆ ಹೋಗಿ ಸಾರಸಬಾಗಿನ ಹುಲ್ಲುಹಾಸು ಬಂತು. ಪರ್ವತಿಯ ಪಕ್ಕದ ಆಂಬಿಲ್ ಓಡಾ ಎಂಬ ಹಳ್ಳ ಮಾತ್ರ ಉಳಿದಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಗುಡ್ಡದ ಕಡೆಯ ನೀರು ಅದೇ ಹಳ್ಳದಲ್ಲಿ ನುಗ್ಗಿ ಬಂದು ಮನೆ, ವಾಹನ, ದನಕರು, ಜನರನ್ನು ಕೊಚ್ಚಿಕೊಂಡು ಹೋಯಿತು.

ಆದ್ದರಿಂದ ಈ ಭಾನುವಾರ ಹೊರಡುವವರು ಮನೆಯಲ್ಲೇ, ಚಹಾ ಕುಡಿಯುತ್ತಲೇ ತೀರ್ಮಾನ ಮಾಡಿಬಿಡಿ. ಮಳೆಗಾಲದಲ್ಲಿ ಪುಣೆಯ ಮರಾಠಿ ಪತ್ರಿಕೆಗಳು ನಾಲ್ಕೂ ಅಣೆಕಟ್ಟುಗಳ ನೀರಿನ ಮಟ್ಟ ಮತ್ತು ಹೊರಹರಿವು ಅಚ್ಚು ಹಾಕುತ್ತವೆ, ಒಮ್ಮೆ ಕಣ್ಣಾಡಿಸಿ. ಗೇಟು ತೆರೆದಿದ್ದರೆ ದೋಣಿಯ ಮಾತು ಅಲ್ಲಿಗೇ ಬಿಡಿ. ಜಿಲ್ಲಾಡಳಿತ ನೀರಿಗಿಳಿಯಬಾರದೆಂದು ಆದೇಶ ಹೊರಡಿಸಿದ್ದರಂತೂ ವಾದಕ್ಕೇ ಎಡೆಯಿಲ್ಲ. ಘಾಟಿ ರಸ್ತೆಯಲ್ಲಿ ಗುಡ್ಡ ಜರಿದಿಲ್ಲವೆಂದು ವಿಚಾರಿಸಿಕೊಂಡು ಸಿಂಹಗಡ ಹತ್ತಿ, ಬಿಸಿ ಕಾಂದಾ ಭಜಿ ತಿನ್ನುತ್ತ ಅದೇ ಕೆರೆಯನ್ನು ಮೇಲಿನಿಂದ ನೋಡಿ ಬನ್ನಿ. ಮಕ್ಕಳು ಹಟ ಹಿಡಿದರೆ ದೀಪಾವಳಿ ರಜೆಗೆ ಕರೆದೊಯ್ಯುವುದಾಗಿ ಹೇಳಿ. ಆ ಹೊತ್ತಿಗೂ ಕೆರೆ ತುಂಬಿಯೇ ಇರುತ್ತದೆ, ಗೇಟುಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ.