ಅಂಕದಾಚೆಯ ಅರ್ಹತೆ

ನಮ್ಮಲ್ಲಿ ಎಂಬಿಬಿಎಸ್ ಸೀಟಿಗೆ ನೀಟ್ ಪರೀಕ್ಷೆಯೇ ಹೆಬ್ಬಾಗಿಲು. ಅದರ 720 ಅಂಕಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ತಿಳಿವನ್ನು ಅಳೆಯುತ್ತವೆ. ನೊಂದವರ ಮಾತನ್ನು ತಾಳ್ಮೆಯಿಂದ ಕೇಳಬಲ್ಲಿರಾ, ಕಹಿ ಸುದ್ದಿಯನ್ನು ಮೆಲ್ಲಗೆ ತಿಳಿಸಬಲ್ಲಿರಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಚರಕ ಸಂಹಿತೆ ವೈದ್ಯನಿಗೆ ನಾಲ್ಕು ಗುಣಗಳನ್ನು ಹೇಳುತ್ತದೆ: ಶಾಸ್ತ್ರದ ನಿಚ್ಚಳ ಜ್ಞಾನ, ಕಂಡು ಮಾಡಿ ಕಲಿತ ಅನುಭವ, ದಕ್ಷತೆ, ಶುಚಿತ್ವ. ಓದಿನ ಅರಿವು ಅದರಲ್ಲಿ ಕಾಲುಭಾಗ ಮಾತ್ರ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲೂ ಮನೋಭಾವ, ನೀತಿ, ಸಂವಹನದ ಪಾಠಗಳು ಸೇರಿವೆ.

ಆದರೆ ಕರುಣೆಯನ್ನು ಕಲಿಯಲು ಕಾಲೇಜಿನವರೆಗೆ ಕಾಯಬೇಕಿಲ್ಲ. ವೈದ್ಯರಾಗಬಯಸುವ ಮಕ್ಕಳೇ, ಕೋಚಿಂಗ್ ನಡುವೆಯೂ ಅಜ್ಜಿಯ ಪಕ್ಕ ಕುಳಿತು, ಅವರ ಮಂಡಿನೋವಿನ ಕಥೆಯನ್ನು ಪೂರ್ತಿ ಕೇಳಿ. ನಿಮ್ಮ ಸಿದ್ಧತೆ ಅಲ್ಲಿಂದಲೇ ಶುರುವಾಗಲಿ.